ನಮ್ಮ ಬಾಲಿಕೆಯರ ವಿಜ್ಞಾನ ತಂಡವೂ ಅದರ ಹಣದ ವಿಚಾರವೂ

ಮಾನ್ಯ ಪೋಷಕರಲ್ಲಿಯೂ ಪ್ರಿಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಷಯವನ್ನು ಅರಿಕೆಮಾಡಿಕೊಳ್ಳಲು ಈ ಸಂಚಿಕೆಯ ಕೆಲವು ಪುಟಗಳನ್ನು ಉಪಯೋಗಿಸಿಕೊಳ್ಳುತ್ತಿದ್ದೇನೆ. ಐಜೆಮ್ ಎಂಬ ಹೆಸರಿನ ವಿಜ್ಞಾನ ಸ್ಪರ್ಧೆಯೊಂದುಂಟು. ಅದರಲ್ಲಿ ಅನೇಕ ದೇಶಗಳ ಕಾಲೇಜು ಮಕ್ಕಳೂ ಹೈಸ್ಕೂಲು ಮಕ್ಕಳೂ ತಂಡ ಕಟ್ಟಿಕೊಂಡು ಭಾಗವಹಿಸುತ್ತಾರೆ. ಶಿರಾ ಗೇಟಿನ ನಮ್ಮ ಶಾಲೆಯಿಂದಲೂ ಒಂದು ತಂಡ ಏಕೆ ಹೋಗಬಾರದು ಎಂದು ಕೆಲವರು ಕೇಳಿದ್ದಾರೆ. ಬೆಂಚು ದುರಸ್ತಿಗೂ ಪುಸ್ತಕಭಂಡಾರಕ್ಕೂ ಹಣ ಸಾಲದಿರುವಾಗ ಈ ಆಡಂಬರವೇತಕ್ಕೆ ಎಂದು ಬೇರೆ ಕೆಲವರು ಕೇಳಿದ್ದಾರೆ. ಎರಡು ಪ್ರಶ್ನೆಗಳೂ ನ್ಯಾಯವಾದುವುಗಳೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತಂಡವು ಹೋಗಬೇಕು, ಆದರೆ ಅದರ ಖರ್ಚನ್ನು ಹೋಗುವ ಹುಡುಗಿಯರ ಮನೆಯವರ ಮೇಲೆ ಹೊರಿಸುವುದಾದರೆ ಹೋಗಲೇಕೂಡದು. ಈ ಎರಡು ಮಾತಿಗೂ ಕಾರಣಗಳನ್ನು ಕೊಡುವುದೇ ಈ ಲೇಖನದ ಉದ್ದೇಶ.

ಮೊದಲು, ಈ ವಿದ್ಯೆ ಯಾವುದು ಎಂಬುದನ್ನು ಹೇಳಬೇಕಾಗಿದೆ. ಸಂಶ್ಲೇಷಿತ ಜೀವವಿಜ್ಞಾನ ಎಂದು ಅದರ ಹೆಸರು. ಹೆಸರು ದೊಡ್ಡದಾದರೂ ಒಳಗಿನ ತತ್ವವನ್ನು ಅಡಿಗೆಮನೆಯ ಮಾತಿನಲ್ಲಿ ಹೇಳಬಹುದು. ಹಾಲಿಗೆ ಹೆಪ್ಪು ಹಾಕಿದಾಗ ಕಣ್ಣಿಗೆ ಕಾಣದ ಜೀವಿಗಳು ನಮಗಾಗಿ ಕೆಲಸಮಾಡಿ ಮೊಸರನ್ನು ಕೊಡುತ್ತವೆ. ಆ ಜೀವಿಗಳು ಯಾವ ಕೆಲಸವನ್ನು ಮಾಡಬೇಕೆಂಬ ವಿಧಿಯು ಅವುಗಳ ಒಳಗಿನ ಡಿ.ಎನ್.ಎ. ಎಂಬ ವಸ್ತುವಿನಲ್ಲಿ ಬರೆದಿರುತ್ತದೆ. ಆ ಬರೆಹದಲ್ಲಿ ಒಂದು ಸಾಲನ್ನು ನಾವೇ ಸೇರಿಸಿದರೆ ಅವು ಹೊಸ ಕೆಲಸವನ್ನು ಮಾಡಿಕೊಡುತ್ತವೆ. ಮಧುಮೇಹದ ರೋಗಿಗಳು ದಿನವೂ ಚುಚ್ಚಿಕೊಳ್ಳುವ ಇನ್ಸುಲಿನ್ ಔಷಧವು ಹಿಂದೆ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿದ್ದಿತು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಇ. ಕೋಲೈ ಎಂಬ ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ನನ್ನೇ ಮಾಡಿಸಿದರು. 1982ರಲ್ಲಿ ಅದು ರೋಗಿಗಳ ಉಪಯೋಗಕ್ಕೆ ಒಪ್ಪಿಗೆ ಪಡೆಯಿತು. ಇದಕ್ಕೂ ಮುಂಚೆಯೇ, 1970ರಲ್ಲಿ, ನಮ್ಮ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಹರಗೋವಿಂದ ಖೊರಾನರು ಒಂದು ಜೀನನ್ನು ರಸಾಯನದ್ರವ್ಯಗಳಿಂದಲೇ ಕಟ್ಟಿ ತೋರಿಸಿದ್ದರು. ಆದುದರಿಂದ ಈ ವಿದ್ಯೆಯು ನಮಗೆ ತೀರ ಪರಕೀಯವಾದುದೆಂದು ಯಾರೂ ತಿಳಿಯಬೇಕಾಗಿಲ್ಲ.

ಇನ್ನು ಸ್ಪರ್ಧೆಯ ವಿಚಾರ. 2003ರ ಜನವರಿಯಲ್ಲಿ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಒಂದು ಸಣ್ಣ ಪಾಠಕ್ರಮವಾಗಿ ಇದು ಹುಟ್ಟಿತು. 2004ರ ಬೇಸಗೆಯಲ್ಲಿ 5 ತಂಡಗಳು ಸೇರಿ ಮೊದಲನೆಯ ಸ್ಪರ್ಧೆ ನಡೆಯಿತು. ಈಚಿನ ವರ್ಷಗಳಲ್ಲಿ 300ಕ್ಕೂ ಮಿಕ್ಕ ತಂಡಗಳು ಬರುತ್ತಿವೆ. 2022ರಿಂದ ಕೊನೆಯ ಮೇಳವು ಪ್ಯಾರಿಸ್ ನಗರದಲ್ಲಿ ನಡೆಯುತ್ತಿದೆ. ಹೈಸ್ಕೂಲು ಮಕ್ಕಳಿಗೆ ಬೇರೆ ವಿಭಾಗವುಂಟು. ತಂಡವು ಒಂದು ಊರಿನ ಅಥವಾ ಲೋಕದ ಕಷ್ಟವನ್ನು ಆರಿಸಿಕೊಂಡು, ಜೀವವಿಜ್ಞಾನದಿಂದ ಅದಕ್ಕೆ ಪರಿಹಾರವನ್ನು ಯೋಚಿಸಿ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಮಾಡಿದುದನ್ನೆಲ್ಲ ಲೋಕವು ಓದುವಂತೆ ಬರೆದಿಡಬೇಕು. ಆ ಕಷ್ಟವನ್ನು ಅನುಭವಿಸುವ ಜನರೊಡನೆ ಮಾತನಾಡಿರಬೇಕು. ಯಾರು ಯಾವ ಕೆಲಸವನ್ನು ಮಾಡಿದರು, ಹಿರಿಯರ ಸಹಾಯ ಎಷ್ಟು ಎಂಬುದನ್ನು ಮರೆಮಾಚದೆ ತಿಳಿಸಬೇಕು. ಚಿನ್ನ, ಬೆಳ್ಳಿ, ಕಂಚಿನ ಪದಕಗಳು ಒಬ್ಬರಿಗೇ ಮೀಸಲಾದುವಲ್ಲ. ಗೊತ್ತುಮಾಡಿದ ಮಟ್ಟವನ್ನು ಮುಟ್ಟಿದ ತಂಡಗಳಿಗೆಲ್ಲ ಅವು ದೊರೆಯುತ್ತವೆ. ಹೆಣ್ಣುಮಕ್ಕಳನ್ನು ಒಬ್ಬರ ಮೇಲೊಬ್ಬರು ಬೀಳುವಂತೆ ಓಡಿಸುವ ಪಂದ್ಯಗಳನ್ನು ನಾನು ಒಪ್ಪುವವಳಲ್ಲ. ಈ ಏರ್ಪಾಡನ್ನು ಮಾತ್ರ ಒಪ್ಪುತ್ತೇನೆ.

ನಮ್ಮ ಕನ್ನಡನಾಡಿನವರು ಇದರಲ್ಲಿ ಹಿಂದೆ ಉಳಿದವರಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಂಡವು 2006ರಲ್ಲಿಯೇ ಭಾಗವಹಿಸಿತ್ತು. ಮುಂದೆ ಭಾರತೀಯ ವಿಜ್ಞಾನ ಮಂದಿರದಿಂದಲೂ ಮಣಿಪಾಲದಿಂದಲೂ ತಂಡಗಳು ಹೋಗಿವೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು 2009ರ ತಂಡ. ಅದರಲ್ಲಿದ್ದವರು ಬೆಂಗಳೂರಿನ ಸೃಷ್ಟಿ ಎಂಬ ಕಲಾಶಾಲೆಯ ವಿದ್ಯಾರ್ಥಿಗಳು. ಚಿತ್ರ ಬರೆಯಲು ಕಲಿಯುತ್ತಿದ್ದವರೇ ಹೊರತು ಜೀವವಿಜ್ಞಾನವನ್ನು ಓದಿದವರಲ್ಲ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಕಮ್ಮನೆಯ ವಾಸನೆಯು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ದ್ರವ್ಯದಿಂದ ಬರುವುದು. ಆ ವಾಸನೆಯನ್ನು ಇ. ಕೋಲೈ ಬ್ಯಾಕ್ಟೀರಿಯಾದಿಂದ ಬರಿಸುವ ಕೆಲಸವನ್ನು ಆ ಕಲಾವಿದ್ಯಾರ್ಥಿಗಳು ಕೈಗೊಂಡರು. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲಾಶಾಲೆಯ ಮಕ್ಕಳಿಗೆ ಸಾಧ್ಯವಾದುದು, ತಕ್ಕ ಗುರುಗಳು ದೊರೆತರೆ, ನಮ್ಮ ಮಕ್ಕಳಿಗೂ ಸಾಧ್ಯವೆಂದೇ ನನ್ನ ನಂಬಿಕೆ.

ಹಾಗಾದರೆ ನಮ್ಮ ತಂಡವು ಯಾವ ಕಷ್ಟವನ್ನು ಆರಿಸಿಕೊಳ್ಳಬೇಕು? ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಶಿರಾ ಗೇಟಿನಿಂದ ಬಡಗಣಕ್ಕೆ ಹೊರಟ ದಾರಿಯು ಶಿರಾ ಸೀಮೆಗೆ ಹೋಗುತ್ತದೆ. ಅದರ ಆಚೀಚೆ ಮಧುಗಿರಿ, ಪಾವಗಡಗಳಿವೆ. ಆ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿ ಇರುವುದು ಬಹುಕಾಲದಿಂದ ತಿಳಿದ ಸಂಗತಿ. ಅದು ಬಣ್ಣವಿಲ್ಲದ, ರುಚಿಯಿಲ್ಲದ ವಿಷ, ಕುದಿಸಿದರೂ ಹೋಗುವುದಿಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ಅಂಥ ನೀರನ್ನು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದುಗಲೆಗಳು ನಿಲ್ಲುತ್ತವೆ. ಬಹುವರ್ಷ ಕುಡಿದವರ ಮೂಳೆ ಕೀಲುಗಳು ಬಿಗಿಯುತ್ತವೆ. ನಗುವಾಗ ಬಾಯಿಗೆ ಸೆರಗನ್ನೋ ಅಂಗೈಯನ್ನೋ ಅಡ್ಡ ಹಿಡಿಯುವ ಹುಡುಗಿಯರನ್ನು ನೀವೆಲ್ಲರೂ ನೋಡಿದ್ದೀರಿ. ಅವರಲ್ಲಿ ಕೆಲವರು ನಾಚಿಕೆಯ ಸ್ವಭಾವದಿಂದ ಹಾಗೆ ಮಾಡುವವರಲ್ಲ. ಕುಡಿದ ನೀರು ಅವರಿಂದ ಹಾಗೆ ಮಾಡಿಸುತ್ತಿದೆ.

ಇದಕ್ಕೂ ಹೊಸ ವಿದ್ಯೆಗೂ ಏನು ಸಂಬಂಧವೆಂದರೆ, 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಕೆಲವು ಬ್ಯಾಕ್ಟೀರಿಯಾಗಳಲ್ಲಿ ಫ್ಲೋರೈಡನ್ನು ಗುರುತುಹಿಡಿಯುವ ಒಂದು ಸಣ್ಣ ಕೀಲಿಯುಂಟೆಂದು ಕಂಡುಹಿಡಿದರು. ಫ್ಲೋರೈಡು ಬಂದರೆ ಕೀಲಿ ತೆರೆಯುತ್ತದೆ; ಇಲ್ಲದಿದ್ದರೆ ಮುಚ್ಚಿರುತ್ತದೆ. ಆ ಕೀಲಿಗೆ ಬಣ್ಣ ಬರಿಸುವ ಒಂದು ಜೀನನ್ನು ಜೋಡಿಸಿ, ಜೀವಿಯೇ ಇಲ್ಲದ ಸತ್ವವಾಗಿ ಒಣಗಿಸಿ ಸಣ್ಣ ನಳಿಗೆಯಲ್ಲಿಟ್ಟರೆ, ಒಂದು ತೊಟ್ಟು ನೀರನ್ನು ಹಾಕಿ ಪರೀಕ್ಷೆ ನೋಡಬಹುದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು ಇಂಥದೊಂದನ್ನು ಮಾಡಿ ಕೋಸ್ಟರಿಕಾ ದೇಶದ ನೀರಿನಲ್ಲಿ ಪರೀಕ್ಷಿಸಿ 2020ರ ಸುಮಾರಿನಲ್ಲಿ ಪ್ರಕಟಿಸಿದರು. ಅದು ತೋರಿಸಿಕೊಟ್ಟುದು ಲೀಟರಿಗೆ 2 ಮಿಲಿಗ್ರಾಮಿನ ಮಟ್ಟವನ್ನು. ನಮ್ಮ ದೇಶದ ಕುಡಿಯುವ ನೀರಿನ ಪ್ರಮಾಣವಾದರೋ ಲೀಟರಿಗೆ 1 ಮಿಲಿಗ್ರಾಮ್. ಬೇರೆ ನೀರು ದೊರೆಯದ ಕಡೆ 1.5ರವರೆಗೆ ಸಹಿಸಬಹುದೆಂದು ಹೇಳಿದೆ. ಅಂದಮೇಲೆ ಅಲ್ಲಿಯವರ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರು ನಮ್ಮ ಮಕ್ಕಳ ಹಲ್ಲನ್ನು ಕೆಡಿಸಬಲ್ಲದು. 2ಕ್ಕೂ 1ಕ್ಕೂ ನಡುವಣ ಈ ಅಂತರದಲ್ಲಿ ನಮ್ಮ ಹುಡುಗಿಯರಿಗೆ ಮಾಡತಕ್ಕ ಕೆಲಸವಿದೆ. ಪ್ಯಾರಿಸ್ಸಿನಲ್ಲಿ ಇದನ್ನು ಹೇಳುವಾಗ ಅವರು ಬಾಯಿಪಾಠ ಒಪ್ಪಿಸುತ್ತಿರುವುದಿಲ್ಲ. ತಮ್ಮ ಊರಿನ ಬಾವಿಯ ಲೆಕ್ಕವನ್ನು ಹೇಳುತ್ತಿರುತ್ತಾರೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಫ್ಲೋರೈಡನ್ನು ರಸಾಯನಗಳಿಂದ ಪರೀಕ್ಷಿಸುವ ಪೆಟ್ಟಿಗೆಗಳು ಈಗಾಗಲೇ ಇವೆ, 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಹೆಂಗಸರಿಗೇ ಅವುಗಳ ಉಪಯೋಗವನ್ನು ಕಲಿಸಿದ್ದಾರೆ, ಹೀಗಿರುವಾಗ ಹೊಸದೇಕೆ? ಈ ಮಾತು ದಿಟ. ಆದಕಾರಣವೇ ಮೊದಲನೆಯ ವರ್ಷ ನಮ್ಮ ಮಕ್ಕಳು ಆ ಹಳೆಯ ಪೆಟ್ಟಿಗೆಯನ್ನೇ ಹಿಡಿದು ತಮ್ಮ ತಮ್ಮ ಊರಿನ ನೀರನ್ನು ಅಳೆಯಬೇಕೆಂದು ನನ್ನ ಸೂಚನೆ. ಹಳೆಯದನ್ನು ಸರಿಯಾಗಿ ಅಳೆಯಲು ಬಾರದವರು ಹೊಸದನ್ನು ಕಟ್ಟಲಾರರು. ಆ ಒಂದು ವರ್ಷದ ಅಳತೆಯಿಂದಲೇ ಎಷ್ಟೋ ಮನೆಗಳಿಗೆ ಉಪಕಾರವಾಗುವುದು. ಸ್ಪರ್ಧೆಗೆ ಹೋಗದಿದ್ದರೂ ಆ ಉಪಕಾರ ನಷ್ಟವಾಗುವುದಿಲ್ಲ.

ಎರಡನೆಯ ಆಕ್ಷೇಪಣೆ ಅಪಾಯವನ್ನು ಕುರಿತದ್ದು. ಮಾರ್ಪಡಿಸಿದ ಜೀವಿಗಳನ್ನು ಮಕ್ಕಳ ಕೈಗೆ ಕೊಡಬಹುದೇ? ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಕೊಡಕೂಡದು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ 1989ರಲ್ಲಿ ಸರ್ಕಾರವು ಮಾಡಿದ ನಿಯಮಗಳ ಪ್ರಕಾರ, ಇಂಥ ಕೆಲಸ ನಡೆಯುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತೆಯ ಸಮಿತಿಯೊಂದು ಇರಬೇಕು. ಆದುದರಿಂದ ಆ ಭಾಗದ ಕೆಲಸವು ಅಂಥ ಸಮಿತಿಯುಳ್ಳ ಒಂದು ಕಾಲೇಜಿನಲ್ಲಿಯೇ, ಅಲ್ಲಿಯ ಅಧ್ಯಾಪಕರ ಕಣ್ಣೆದುರಿನಲ್ಲಿಯೇ ನಡೆಯಬೇಕು. ಸ್ಪರ್ಧೆಯವರು ಸಹ ಮಾರ್ಪಡಿಸಿದ ಜೀವಿಯನ್ನು ಪ್ರಯೋಗಶಾಲೆಯಿಂದ ಹೊರಕ್ಕೆ ಬಿಡುವುದನ್ನು ನಿಷೇಧಿಸಿದ್ದಾರೆ. ದೇವರ ಸೃಷ್ಟಿಯಲ್ಲಿ ಕೈಯಿಕ್ಕಬಹುದೇ ಎಂದು ಎಲ್ಲ ಮತದ ತಾಯಂದಿರೂ ಕೇಳುತ್ತಾರೆ. ಈ ಅಂಜಿಕೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಅದು ಮಕ್ಕಳ ಮನಸ್ಸಿನಲ್ಲಿಯೂ ಇರಬೇಕಾದದ್ದು. ಆದರೆ ಇನ್ಸುಲಿನ್ನಿನಿಂದ ಬದುಕಿ ಉಳಿದ ಮಗುವಿನ ತಾಯಿಯನ್ನು ಕೇಳಿದರೆ, ಅಂಜಿಕೆಯೊಡನೆ ಕೃತಜ್ಞತೆಗೂ ಸ್ಥಳವುಂಟೆಂದು ಹೇಳಿಯಾಳು.

ಮೂರನೆಯದು ಪರೀಕ್ಷೆಯ ಚಿಂತೆ. ಮೇಳವು ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರ್ ತಿಂಗಳಲ್ಲಿ ನಡೆಯುವುದರಿಂದ ಮುಖ್ಯವಾದ ಕೆಲಸವೆಲ್ಲ ಬೇಸಗೆಯಿಂದ ದಸರೆಯವರೆಗೆ ಬೀಳುತ್ತದೆ. ಎಸ್.ಎಸ್.ಎಲ್.ಸಿ. ತರಗತಿಯ ಮಕ್ಕಳನ್ನು ಇದಕ್ಕೆ ಎಳೆಯುವುದು ತರವಲ್ಲ. ಒಂಬತ್ತನೆಯ ತರಗತಿಯವರನ್ನೂ, ನಮ್ಮಲ್ಲಿ ಓದಿ ಈಗ ಪಿ.ಯು. ಮೊದಲನೆಯ ವರ್ಷದಲ್ಲಿರುವವರನ್ನೂ ಕೂಡಿಸಿ ತಂಡ ಮಾಡಬಹುದು. ತಂಡಕ್ಕೆ ಆರಿಸುವಾಗ ಅಂಕಪಟ್ಟಿಯೊಂದನ್ನೇ ನೋಡಬಾರದು. ನೀರನ್ನು ಅಳೆಯುವ ವರ್ಷದಲ್ಲಿ ಯಾರ ದಿನಚರಿ ಪುಸ್ತಕವು ಶುದ್ಧವಾಗಿದೆ, ಯಾರು ತಪ್ಪಿದ ಅಳತೆಯನ್ನು ಅಳಿಸದೆ ಬರೆದಿಟ್ಟಿದ್ದಾರೆ, ಯಾರು ಹಳ್ಳಿಯ ಅಜ್ಜಿಯೊಡನೆ ತಾಳ್ಮೆಯಿಂದ ಮಾತನಾಡಬಲ್ಲರು ಎಂಬುದನ್ನು ನೋಡಿ ಆರಿಸಬೇಕು. ಬಣ್ಣದಲ್ಲಿ ಬರೆಯಬಲ್ಲವಳೂ ಲೆಕ್ಕದಲ್ಲಿ ಗಟ್ಟಿಯಾದವಳೂ ಒಂದೇ ತಂಡಕ್ಕೆ ಬೇಕಾಗುತ್ತಾರೆ.

ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳುಹಿಸುವುದು ಹೇಗೆ ಎನ್ನುವವರಿಗೆ ಎರಡು ಹೆಸರುಗಳನ್ನು ಜ್ಞಾಪಿಸುತ್ತೇನೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಯು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಸೇರಲು ಬಂದಾಗ, ಹೆಂಗಸೆಂಬ ಕಾರಣದಿಂದ ಸರ್ ಸಿ. ವಿ. ರಾಮನ್ನರು ಮೊದಲು ಒಪ್ಪಲಿಲ್ಲ. ಬಳಿಕ ಒಂದು ವರ್ಷ ನೋಡೋಣವೆಂದು ಸೇರಿಸಿಕೊಂಡರು. ಆಕೆಯೇ ಮುಂದೆ 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರ್ ಪದವಿಯನ್ನು ಪಡೆದ ಕಮಲಾ ಸೊಹೋನಿ. ಇನ್ನೊಬ್ಬರು ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್. ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈಕೆಗೆ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ಬಾರ್ಬರ್ ವಿದ್ಯಾರ್ಥಿವೇತನವು ದೊರೆಯಿತು. ಏಷ್ಯಾ ಖಂಡದ ಹೆಂಗಸರು ಓದಲೆಂದು ಲೀವೈ ಬಾರ್ಬರ್ ಎಂಬ ಗೃಹಸ್ಥನು ಇಟ್ಟ ನಿಧಿ ಅದು. ಜಾನಕಿ ಅಮ್ಮಾಳರು 1931ರಲ್ಲಿ ಅಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬಂದು ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸಮಾಡಿದರು. 1945ರಲ್ಲಿ ಡಾರ್ಲಿಂಗ್ಟನ್ನರ ಜತೆಗೂಡಿ ಬೆಳೆಗಿಡಗಳ ವರ್ಣತಂತುಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಬುದ್ಧಿಯು ಆಕೆಯದೇ, ಆದರೆ ಆ ನಿಧಿಯಿಲ್ಲದಿದ್ದರೆ ಹಡಗಿನ ಟಿಕೇಟನ್ನು ಯಾರು ಕೊಡಬೇಕಾಗಿತ್ತು?

ಹೀಗೆ ಮಾತು ಹಣಕ್ಕೇ ಬಂದು ನಿಲ್ಲುತ್ತದೆ. ಸ್ಪರ್ಧೆಯ ಪ್ರವೇಶಶುಲ್ಕವೇ ಹಲವು ಸಾವಿರ ಡಾಲರು. ಅಂದರೆ ನಮ್ಮ ನಾಣ್ಯದಲ್ಲಿ ಲಕ್ಷಗಳ ಲೆಕ್ಕ. ಪ್ರಯೋಗದ ಸಾಮಗ್ರಿ, ವಿಮಾನದ ದರ, ವಸತಿ ಇವೆಲ್ಲ ಬೇರೆ. ಅನುಕೂಲವುಳ್ಳ ಶಾಲೆಗಳಲ್ಲಿ ಇದನ್ನು ಮನೆಮನೆಗೂ ಹಂಚಿ ವಸೂಲುಮಾಡಬಹುದು. ನಮ್ಮಲ್ಲಿ ಹಾಗೆ ಮಾಡಿದರೆ ಆಗುವುದೇನು? ಕಂದುಗಲೆಯ ಹಲ್ಲಿನ ಹುಡುಗಿ ಊರಿನಲ್ಲಿಯೇ ಉಳಿಯುವಳು. ಆಕೆಯ ಊರಿನ ನೀರಿನ ಕಥೆಯನ್ನು ಶುದ್ಧೀಕರಿಸಿದ ನೀರನ್ನು ಕುಡಿದು ಬೆಳೆದ ಹುಡುಗಿ ಪ್ಯಾರಿಸ್ಸಿನಲ್ಲಿ ಹೇಳಿ ಪದಕ ತರುವಳು. ಅದು ವಿಜ್ಞಾನವೂ ಆಗಲಾರದು, ನ್ಯಾಯವೂ ಆಗಲಾರದು. ಆದುದರಿಂದಲೇ ಖರ್ಚು ಮನೆಯವರ ಮೇಲೆ ಬೀಳಕೂಡದೆಂದು ಮೊದಲೇ ಹೇಳಿದೆ. ಕೊಡಬಲ್ಲ ಪೋಷಕರು ಕೊಡಲಿ. ಆದರೆ ಅದು ಶಾಲೆಯ ನಿಧಿಗೆ ಸೇರಲಿ, ತಮ್ಮ ಮಗಳ ಸ್ಥಾನಕ್ಕೆ ಬೆಲೆಯಾಗಿ ಸೇರುವುದು ಬೇಡ.

ನಿಧಿಯ ಮೂಲಗಳನ್ನು ವಿಚಾರಿಸೋಣ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಭಾರತದ ತಂಡಗಳನ್ನು ಆರಿಸಿ ಧನಸಹಾಯ ಮಾಡಿದ್ದುಂಟು. ಅದು ಹೆಚ್ಚಾಗಿ ಕಾಲೇಜುಗಳ ಪಾಲಾಯಿತು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿನವರೆಗೆ ಸಹಾಯವನ್ನು ಗೊತ್ತುಮಾಡಿದ್ದರು; ಅದು ಯಂತ್ರ, ವಿದ್ಯುತ್ ಉಪಕರಣಗಳಿಗೆ ಸಲ್ಲುವುದು. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಲೋಕೋಪಕಾರಕ್ಕೆ ವೆಚ್ಚಮಾಡಬೇಕು. ವಿದ್ಯಾಭ್ಯಾಸವು ಅದರಲ್ಲಿ ಸೇರಿದೆ. ನಮ್ಮ ವಸಂತನರಸಾಪುರದ ಕಾರ್ಖಾನೆಗಳ ಬಾಗಿಲಿಗೆ ನಾವು ಬರಿಗೈಯಲ್ಲಿ ಹೋಗದೆ, ಒಂದು ವರ್ಷದ ನೀರಿನ ಅಳತೆಯ ಪುಸ್ತಕವನ್ನು ಹಿಡಿದು ಹೋಗಬೇಕು. ನೋಂದಾಯಿತ ತಂಡಗಳಿಗೆ ಡಿ.ಎನ್.ಎ. ತುಂಡುಗಳನ್ನು ಉಚಿತವಾಗಿ ಒದಗಿಸಿದ ವರ್ತಕ ಸಂಸ್ಥೆಗಳೂ ಉಂಟು.

ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಸೂಚನೆ. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಸಂಪಾದನೆಯಿಂದ ಕೊಟ್ಟುದು ವಿದೇಶೀ ದೇಣಿಗೆಯೆನಿಸುವುದಿಲ್ಲ. ಬೇರೆ ದೇಶದ ಪೌರತ್ವವನ್ನು ಪಡೆದವರು ಕೊಟ್ಟುದು ಹಾಗೆ ಎನಿಸುತ್ತದೆ, ಮತ್ತು 2010ರ ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆಗೆ ಒಳಪಡುತ್ತದೆ. ಆದಕಾರಣ ಕೊಡುವ ಮುನ್ನ ಶಾಲೆಯ ಕಚೇರಿಗೆ ಬರೆದು ಕೇಳಿರಿ. ಪ್ರೀತಿಯಿಂದ ಕೊಟ್ಟ ಹಣವು ಕಾನೂನಿನ ತೊಡಕಿಗೆ ಸಿಕ್ಕಬಾರದು.

ಆದರೂ ಸರ್ಕಾರವನ್ನೂ ಕಂಪನಿಗಳನ್ನೂ ನೆಚ್ಚಿ ಕಾರ್ಯವನ್ನು ಆರಂಭಿಸುವುದು ಜಾಣತನವಲ್ಲ. ಅವರ ಸಹಾಯ ಒಂದು ವರ್ಷ ಬಂದು ಮರುವರ್ಷ ನಿಲ್ಲಬಹುದು. 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯು ಅಷ್ಟು ದೊಡ್ಡ ಪರಿವಾರವನ್ನು ಸಾಕಿಕೊಂಡು ಊರೂರು ತಿರುಗಿದ್ದು ಯಾವ ಇಲಾಖೆಯ ಅನುದಾನದಿಂದ? ಟಿಕೇಟು ಕೊಂಡು ಚಾಪೆಯ ಮೇಲೆ ಕುಳಿತ ಜನರ ಕಾಸಿನಿಂದ. 500 ಮಂದಿ ಹಳೆಯ ವಿದ್ಯಾರ್ಥಿನಿಯರು ತಿಂಗಳಿಗೆ 100 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 6 ಲಕ್ಷ, ಎರಡು ವರ್ಷಕ್ಕೆ 12 ಲಕ್ಷ ರೂಪಾಯಿ ಆಗುವುದು. ಒಬ್ಬರು ಲಕ್ಷ ಕೊಡುವುದಕ್ಕಿಂತ ನೂರಾರು ಮಂದಿ ನೂರು ಕೊಡುವುದೇ ನನಗೆ ಇಷ್ಟ. ಲಕ್ಷ ಕೊಟ್ಟವರಿಗೆ ತಮ್ಮ ಮಾತು ನಡೆಯಬೇಕೆನ್ನಿಸುವುದು ಸಹಜ. ನೂರು ಕೊಟ್ಟವರು ಲೆಕ್ಕವನ್ನು ಮಾತ್ರ ಕೇಳುತ್ತಾರೆ, ಲೆಕ್ಕವನ್ನು ಕೇಳುವುದು ಒಳ್ಳೆಯದು.

ಆ ಹಣವನ್ನು ಹೇಗೆ ಹಂಚಬೇಕೆಂಬುದರಲ್ಲಿಯೂ ನನಗೆ ದೃಢವಾದ ಅಭಿಪ್ರಾಯವಿದೆ. ಅರ್ಧಪಾಲು ಶಾಲೆಯಲ್ಲಿಯೇ ಉಳಿಯುವ ವಸ್ತುಗಳಿಗೆ ಸಲ್ಲಬೇಕು: ಸೂಕ್ಷ್ಮದರ್ಶಕ, ತಕ್ಕಡಿ, ನೀರಿನ ಪರೀಕ್ಷೆಯ ಸಾಮಗ್ರಿ, ಪುಸ್ತಕ. ಉಳಿದ ಅರ್ಧದಲ್ಲಿ ಶುಲ್ಕ, ಪ್ರಯೋಗ, ಪ್ರಯಾಣ. ಹಣ ಸಾಲದೆ ಬಂದರೆ ಆ ವರ್ಷ ಸ್ಪರ್ಧೆಯನ್ನು ಬಿಡೋಣ, ಉಪಕರಣವನ್ನು ಬಿಡುವುದು ಬೇಡ. ಪ್ಯಾರಿಸ್ಸಿಗೆ ಹೋಗುವವರು ಹತ್ತು ಮಂದಿ. ನೀರನ್ನು ಅಳೆಯಲು ಕಲಿಯುವವರು ಇಡೀ ಶಾಲೆಯ ಮಕ್ಕಳು. ಕಡಮೆ ಹಣದಲ್ಲಿ ಕೆಲಸ ನಡೆಯದೆಂದು ಅಧೈರ್ಯಪಡುವವರು ಈ ಒಂದು ಸಂಗತಿಯನ್ನು ಕೇಳಬೇಕು. ಬ್ಯಾಕ್ಟೀರಿಯಾದ ಒಳಕ್ಕೆ ಡಿ.ಎನ್.ಎ.ಯನ್ನು ಸೇರಿಸಲು ಕ್ಷಣಮಾತ್ರದ ವಿದ್ಯುತ್ತಿನ ಆಘಾತವನ್ನು ಕೊಡುವ ಯಂತ್ರವು ಸಾವಿರಾರು ಡಾಲರು ಬೆಲೆಯದು. ಒಲೆ ಹೊತ್ತಿಸುವ ಲೈಟರಿನಲ್ಲಿಯೂ ಅಂಥದೇ ಕಿಡಿ ಹುಟ್ಟುತ್ತದೆಯಲ್ಲವೇ ಎಂದು ಯೋಚಿಸಿ, ಅಮೆರಿಕದ ಜಾರ್ಜಿಯಾ ತಾಂತ್ರಿಕ ವಿದ್ಯಾಸಂಸ್ಥೆಯವರು ಲ್ಯಾಂಬರ್ಟ್ ಹೈಸ್ಕೂಲಿನ ಮಕ್ಕಳನ್ನೂ ಕೂಡಿಕೊಂಡು, 23 ಸೆಂಟು ಬೆಲೆಯ ಲೇಖನಿಯಂಥ ಉಪಕರಣವೊಂದನ್ನು ಮಾಡಿ 2020ರಲ್ಲಿ ಪ್ರಕಟಿಸಿದರು. ನಮ್ಮ ಮನೆಗಳ ಗ್ಯಾಸ್ ಒಲೆಯ ಪಕ್ಕದಲ್ಲಿ ತೂಗುಹಾಕಿರುವ ವಸ್ತುವಿನಲ್ಲಿಯೇ ಆ ಯುಕ್ತಿ ಅಡಗಿದ್ದಿತು.

ಕೊನೆಯದಾಗಿ ಮೂರು ಕಟ್ಟುಪಾಡುಗಳನ್ನು ಮುಂದಿಡುತ್ತೇನೆ. ತಂಡದ ಬರೆಹವು ಮಕ್ಕಳದೇ ಆಗಿರಬೇಕು. ಹಣ ಪಡೆದು ತಂಡವನ್ನು ತಯಾರುಮಾಡಿ ಕೊಡುತ್ತೇವೆನ್ನುವ ಯಾರನ್ನೂ ಶಾಲೆಯ ಒಳಕ್ಕೆ ಬಿಡಬಾರದು. ನಿಧಿಯ ಲೆಕ್ಕವು ವರ್ಷಕ್ಕೊಮ್ಮೆ ಶಾಲೆಯ ಹಲಗೆಯ ಮೇಲೆ ಎಲ್ಲರೂ ಓದುವಂತೆ ಪ್ರಕಟವಾಗಬೇಕು. ಯಾವ ಊರಿನ ನೀರನ್ನು ಅಳೆದೆವೋ ಆ ಊರಿಗೆ ಹಿಂದಿರುಗಿ ಹೋಗಿ, ಕಂಡುಬಂದುದನ್ನು ಅಲ್ಲಿಯ ಜನರಿಗೆ ಕನ್ನಡದಲ್ಲಿ ಹೇಳಿ ಬಂದ ಬಳಿಕವೇ ತಂಡವು ಬೇರೆಲ್ಲಿಯಾದರೂ ಅದನ್ನು ಹೇಳಬೇಕು.

ಈ ಶಾಲೆಯಿಂದ ಹೊರಟು ದಾದಿಯರಾಗಿ, ಉಪಾಧ್ಯಾಯಿನಿಯರಾಗಿ, ಗೃಹಿಣಿಯರಾಗಿ, ಕಚೇರಿಗಳಲ್ಲಿ ಅಧಿಕಾರಿಣಿಯರಾಗಿ ಇರುವ ನೀವೆಲ್ಲರೂ ಯಾರೋ ಒಬ್ಬರು ಕೊಟ್ಟ ಹಣದಿಂದ ಕಟ್ಟಿದ ಕೋಣೆಯಲ್ಲಿ ಕುಳಿತು ಓದಿದವರು. ಕೊಟ್ಟವರ ಹೆಸರು ನಿಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೂ ನಿಮ್ಮ ಮುಖವನ್ನು ನೋಡಿದವರಲ್ಲ. ಮುಂದಿನ ಜೂನ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರ ಕೈಗೆ ನೀರಿನ ಪರೀಕ್ಷೆಯ ಪೆಟ್ಟಿಗೆಗಳನ್ನು ಕೊಡಬೇಕೆಂದು ಉಪಾಧ್ಯಾಯಿನಿಯರು ನಿಶ್ಚಯಿಸಿದ್ದಾರೆ. ನಿಮ್ಮ ನೂರು ರೂಪಾಯಿಯನ್ನೂ, ಅದಕ್ಕಿಂತ ಮಿಗಿಲಾಗಿ ನಿಮ್ಮ ಸಲಹೆಯನ್ನೂ ಆಕ್ಷೇಪಣೆಯನ್ನೂ ಶಾಲೆಯ ಕಚೇರಿಗೆ ಬರೆದು ಕಳುಹಿಸಬೇಕಾಗಿ ಪ್ರಾರ್ಥಿಸುತ್ತೇನೆ.